ಲೆನಿಯ ಕ್ಯಾಮೆರಾ ಯಾರಿಗಾಗಿ ಓಡಿತು?

ಒಲಿಂಪಿಕ್ಸ್ ಬಂದರೆ ನಾವೆಲ್ಲ ಟಿವಿ ಮುಂದೆ, ಇಲ್ಲವೇ ಮೊಬೈಲ್ ಹಿಡಿದು ಕೂರುತ್ತೇವೆ. ಓಟಗಾರನ ಪಕ್ಕದಲ್ಲೇ ಕ್ಯಾಮೆರಾ ಓಡುತ್ತದೆ. ಡೈವಿಂಗ್ ಮಾಡಿದವರು ನೀರಿಗೆ ಬಿದ್ದರೆ ಅಲ್ಲೊಂದು ಕ್ಯಾಮೆರಾ ಮೊದಲೇ ಕಾದು ಕೂತಿರುತ್ತದೆ. ಉದ್ದ ಜಿಗಿತದವನು ನೆಲ ಬಿಟ್ಟು ಏಳುವುದನ್ನು ನೆಲಮಟ್ಟದಿಂದ ನಿಧಾನಗತಿಯಲ್ಲಿ ತೋರಿಸುತ್ತಾರೆ. ಇದೆಲ್ಲ ನಮಗೆ ಎಷ್ಟು ಅಭ್ಯಾಸವಾಗಿದೆಯೆಂದರೆ, ಹೀಗೆ ತೋರಿಸಬೇಕು ಎಂದು ಯಾರೋ ಕೂತು ಯೋಚಿಸಿರಬೇಕು ಎನ್ನುವುದೇ ಹೊಳೆಯುವುದಿಲ್ಲ.

ಇವನ್ನೆಲ್ಲ ಒಂದೇ ಕ್ರೀಡಾಕೂಟದಲ್ಲಿ, ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದ್ದು 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ. ಮಾಡಿಸಿದವಳು ಆಗಿನ್ನೂ 34 ತುಂಬದ ಲೆನಿ ರೀಫೆನ್‌ಸ್ಟಾಲ್. ಆಕೆಯ ಚಿತ್ರದ ಹೆಸರು 'ಒಲಿಂಪಿಯಾ'. ಕ್ರೀಡಾ ಸಾಕ್ಷ್ಯಚಿತ್ರದ ಚರಿತ್ರೆ ಬರೆಯುವವರು ಯಾರೇ ಆದರೂ ಈ ಚಿತ್ರವನ್ನು ದಾಟಿ ಮುಂದೆ ಹೋಗುವಂತಿಲ್ಲ. ಹಾಗೆಯೇ, ಅದಕ್ಕೆ ದುಡ್ಡು ಕೊಟ್ಟವರು ಯಾರು ಎಂಬ ಪ್ರಶ್ನೆಯನ್ನೂ ದಾಟುವಂತಿಲ್ಲ. ಕೊಟ್ಟದ್ದು ಹಿಟ್ಲರನ ಸರ್ಕಾರ.

ಕೆಲಸ ಹುಡುಕುತ್ತಿರುವ ನಮ್ಮಂಥವರಿಗೆ ಲೆನಿಯ ಬದುಕು ಎರಡು ಪಾಠ ಹೇಳುತ್ತದೆ. ಒಂದು, ಕಸುಬನ್ನು ಕಲಿಯುವುದು ಹೇಗೆ ಎಂಬುದು. ಇನ್ನೊಂದು, ಕಲಿತ ಕಸುಬನ್ನು ಯಾರ ಕೈಗೆ ಕೊಡುತ್ತಿದ್ದೇವೆ ಎಂದು ಕೇಳಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದು. ಮೊದಲ ಪಾಠವನ್ನು ಆಕೆ ಬದುಕಿಡೀ ಹೆಮ್ಮೆಯಿಂದ ಹೇಳಿಕೊಂಡಳು. ಎರಡನೆಯದನ್ನು 101 ವರ್ಷ ಬದುಕಿದರೂ ಒಪ್ಪಿಕೊಳ್ಳಲಿಲ್ಲ.

ಮೊಣಕಾಲು ಕೈಕೊಟ್ಟಾಗ

ಲೆನಿ ಹುಟ್ಟಿದ್ದು 1902ರ ಆಗಸ್ಟ್ 22ರಂದು, ಬರ್ಲಿನ್‌ನ ದುಡಿಯುವ ಜನರ ಬಡಾವಣೆಯೊಂದರಲ್ಲಿ. ತಂದೆಯದು ಕಟ್ಟಡಗಳಿಗೆ ಬಿಸಿಗಾಳಿ, ಗಾಳಿಯಾಟದ ವ್ಯವಸ್ಥೆ ಮಾಡಿಕೊಡುವ ವ್ಯಾಪಾರ. ಮಗಳು ತನ್ನ ವ್ಯವಹಾರ ನೋಡಿಕೊಳ್ಳಲಿ ಎಂಬುದು ಅಪ್ಪನ ಆಸೆ. ಮಗಳಿಗೆ ನೃತ್ಯದ ಹುಚ್ಚು. ತಾಯಿಯ ಬೆಂಬಲದಿಂದ ಅಪ್ಪನಿಗೆ ಗೊತ್ತಾಗದಂತೆ ನೃತ್ಯದ ತರಗತಿಗೆ ಸೇರಿದಳು. ಗೊತ್ತಾದಾಗ ಮನೆಯಲ್ಲಿ ರಂಪವಾಯಿತು. ಆದರೂ ಹಟ ಬಿಡಲಿಲ್ಲ. 1923ರಲ್ಲಿ ಒಬ್ಬಳೇ ವೇದಿಕೆ ಏರಿ ಗೆದ್ದಳು. ಕೆಲವೇ ತಿಂಗಳಲ್ಲಿ ಊರೂರು ಸುತ್ತುವ ನರ್ತಕಿಯಾದಳು.

ಮರುವರ್ಷವೇ ಮೊಣಕಾಲಿಗೆ ಪೆಟ್ಟಾಯಿತು. ನೃತ್ಯ ನಿಂತಿತು. 22ನೇ ವಯಸ್ಸಿಗೇ ಕಲಿತ ವಿದ್ಯೆ ಕೈಬಿಟ್ಟುಹೋಯಿತು. ಡಾಕ್ಟರ ಬಳಿ ಹೋಗಲೆಂದು ಬರ್ಲಿನ್‌ನ ಮೆಟ್ರೊ ನಿಲ್ದಾಣದಲ್ಲಿ ಕಾಯುತ್ತಿದ್ದಾಗ ಗೋಡೆಯ ಮೇಲಿನ ಸಿನಿಮಾ ಪೋಸ್ಟರ್ ಕಣ್ಣಿಗೆ ಬಿತ್ತು ಎಂದು ಆಕೆಯೇ ನೆನಪಿಸಿಕೊಂಡಿದ್ದಾಳೆ. ಅದು ಪರ್ವತಾರೋಹಣದ ಚಿತ್ರ. ನಿರ್ದೇಶಕ ಆರ್ನಾಲ್ಡ್ ಫಾಂಕ್. ರೈಲು ಬಂತು, ಹೋಯಿತು. ಲೆನಿ ಡಾಕ್ಟರನ್ನು ಮರೆತು ಸಿನಿಮಾ ಮಂದಿರಕ್ಕೆ ನಡೆದಳು. ಆಮೇಲೆ ಫಾಂಕ್‌ನನ್ನು ಹುಡುಕಿಕೊಂಡು ಹೋಗಿ ತನಗೊಂದು ಪಾತ್ರ ಕೊಡುವಂತೆ ಮಾಡಿಕೊಂಡಳು. 1926ರಲ್ಲಿ ಆಕೆ ನಾಯಕಿಯಾಗಿದ್ದ 'ಪವಿತ್ರ ಪರ್ವತ' ತೆರೆಗೆ ಬಂತು.

ಫಾಂಕ್ ಓದಿದ್ದು ಭೂವಿಜ್ಞಾನ, ಪ್ರೀತಿಸಿದ್ದು ಹಿಮದ ಬೆಟ್ಟಗಳನ್ನು. ಆತನ ಚಿತ್ರಗಳಲ್ಲಿ ಸ್ಟುಡಿಯೊದ ರಟ್ಟಿನ ಬೆಟ್ಟವಿರಲಿಲ್ಲ. ನಟರೇ ಹಗ್ಗ ಹಿಡಿದು ಹತ್ತಬೇಕು, ಹಿಮದ ಮೇಲೆ ಸ್ಕೀ ಜಾರಬೇಕು. ಕ್ಯಾಮೆರಾ ಹಿಡಿದವನೂ ಜೊತೆಗೇ ಜಾರಬೇಕು. ಲೆನಿ ಹತ್ತುವುದನ್ನು ಕಲಿತಳು, ಜಾರುವುದನ್ನು ಕಲಿತಳು. ಅಷ್ಟಕ್ಕೇ ನಿಲ್ಲದೆ, ಚಿತ್ರೀಕರಣದ ಬಿಡುವಿನಲ್ಲಿ ಯಾವ ಲೆನ್ಸ್ ಏನು ಮಾಡುತ್ತದೆ, ಬೆಳಕು ಯಾವಾಗ ಹೇಗಿರುತ್ತದೆ, ಎರಡು ತುಂಡು ಫಿಲ್ಮ್ ಜೋಡಿಸಿದರೆ ಏನಾಗುತ್ತದೆ ಎಂದು ಕೇಳಿ ಕೇಳಿ ತಿಳಿದುಕೊಂಡಳು. ನಟಿಯಾಗಿ ಬಂದವಳು ತಂತ್ರಜ್ಞೆಯಾಗುತ್ತಾ ಹೋದಳು. ಹಿಮದಲ್ಲಿ ಕೆಲಸ ಮಾಡಿ ಪಳಗಿದ ಆ ಕ್ಯಾಮೆರಾಮನ್‌ಗಳಲ್ಲಿ ಕೆಲವರು ಹತ್ತು ವರ್ಷದ ನಂತರ ಒಲಿಂಪಿಕ್ಸ್ ಮೈದಾನದಲ್ಲೂ ಆಕೆಯ ಜೊತೆಗಿದ್ದರು. ತರಬೇತಿ ಶಾಲೆಯ ಪ್ರಮಾಣಪತ್ರವಿಲ್ಲದೆ ಕೆಲಸದ ಜಾಗದಲ್ಲೇ ಕಸುಬು ಕಲಿತದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

1932ರಲ್ಲಿ ತಾನೇ ನಿರ್ದೇಶಿಸಿ, ನಟಿಸಿ 'ನೀಲಿ ಬೆಳಕು' ಎಂಬ ಚಿತ್ರ ಮಾಡಿದಳು. ಗಂಡಸರೇ ತುಂಬಿದ್ದ ಆ ಉದ್ಯಮದಲ್ಲಿ 29ರ ಹೆಣ್ಣುಮಗಳೊಬ್ಬಳು ಇಷ್ಟು ಮಾಡಿದ್ದು ಸಣ್ಣ ಮಾತಲ್ಲ. ಚಿತ್ರಕಥೆಗೆ ಹೆಗಲು ಕೊಟ್ಟವನು ಹಂಗೇರಿಯ ಲೇಖಕ ಬೇಲಾ ಬಲಾಜ್. ಆತ ಯಹೂದಿ. ಈ ಹೆಸರು ನೆನಪಿರಲಿ.

ಒಂದು ಪತ್ರ

ಅದೇ ವರ್ಷದ ಆರಂಭದಲ್ಲಿ ಲೆನಿ ಬರ್ಲಿನ್‌ನ ದೊಡ್ಡ ಸಭಾಂಗಣವೊಂದರಲ್ಲಿ ಹಿಟ್ಲರನ ಭಾಷಣ ಕೇಳಿದಳು. ಮಾರುಹೋದಳು. ಭೇಟಿಯಾಗಬೇಕೆಂದು ತಾನಾಗಿಯೇ ಪತ್ರ ಬರೆದಳು. ಭೇಟಿಯೂ ಆಯಿತು. ಆಗಿನ್ನೂ ಹಿಟ್ಲರ್ ಅಧಿಕಾರಕ್ಕೆ ಬಂದಿರಲಿಲ್ಲ. ಆಕೆಯ ಮೇಲೆ ಯಾರ ಒತ್ತಡವೂ ಇರಲಿಲ್ಲ.

1933ರ ಜನವರಿಯಲ್ಲಿ ಹಿಟ್ಲರ್ ಚಾನ್ಸಲರ್ ಆದ. ಜರ್ಮನಿಯ ಸಿನಿಮಾ ಲೋಕ ಎರಡಾಗಿ ಒಡೆಯಿತು. ಯಹೂದಿ ಕಲಾವಿದರು, ತಂತ್ರಜ್ಞರು ಕೆಲಸ ಕಳೆದುಕೊಂಡು ದೇಶ ಬಿಟ್ಟರು. ನಿರ್ದೇಶಕ ಫ್ರಿಟ್ಜ್ ಲಾಂಗ್ ಹೊರಟುಹೋದ. ಬೇಲಾ ಬಲಾಜ್ ಆಗಲೇ ಮಾಸ್ಕೊದಲ್ಲಿದ್ದ. 'ನೀಲಿ ಬೆಳಕು' ಚಿತ್ರದಿಂದ ತನಗೆ ಬರಬೇಕಾದ ಹಣವನ್ನು ಅವನು ಕೇಳಿದಾಗ ಲೆನಿ ಆ ವ್ಯವಹಾರವನ್ನು ಯೂಲಿಯಸ್ ಸ್ಟ್ರೈಷರ್ ಎಂಬಾತನಿಗೆ ಬರಹದಲ್ಲಿ ವಹಿಸಿಕೊಟ್ಟಳು. ಸ್ಟ್ರೈಷರ್ ಯಹೂದಿ ದ್ವೇಷವನ್ನೇ ಅಚ್ಚು ಹಾಕಿ ಮಾರುತ್ತಿದ್ದ ಪತ್ರಿಕೆಯ ಒಡೆಯ. ಬಾಕಿ ಕೇಳಿದ ಸಹೋದ್ಯೋಗಿಯ ಮೇಲೆ ಅಂಥವನನ್ನು ಬಿಡುವುದೆಂದರೆ ಏನರ್ಥ ಎಂದು ಬಿಡಿಸಿ ಹೇಳಬೇಕಿಲ್ಲ. 1938ರಲ್ಲಿ ಆ ಚಿತ್ರ ಮತ್ತೆ ಬಿಡುಗಡೆಯಾದಾಗ ಬಲಾಜ್ ಹೆಸರೇ ಇರಲಿಲ್ಲ.

ಹೊರಟವರು ಹೊರಟರು. ಲೆನಿಗೆ ಅವಕಾಶಗಳು ಬಂದವು. 1933ರಲ್ಲಿ ನ್ಯೂರೆಂಬರ್ಗ್‌ನಲ್ಲಿ ನಡೆದ ನಾಜಿ ಪಕ್ಷದ ಸಮಾವೇಶವನ್ನು ಚಿತ್ರೀಕರಿಸಿದಳು. ಮರುವರ್ಷದ ಸಮಾವೇಶ 1935ರಲ್ಲಿ 'ಸಂಕಲ್ಪದ ವಿಜಯ' ಎಂಬ ಹೆಸರಿನಲ್ಲಿ ತೆರೆ ಕಂಡಿತು. ಬಾವುಟದ ಕಂಬಕ್ಕೆ ಲಿಫ್ಟ್ ಕಟ್ಟಿ ಕ್ಯಾಮೆರಾವನ್ನು ಮೇಲೇರಿಸಿದರು. ಮೋಡಗಳ ನಡುವಿನಿಂದ ವಿಮಾನದಲ್ಲಿ ಇಳಿದು ಬರುವ ನಾಯಕ, ಸಾಲು ಸಾಲು ನಿಂತ ಲಕ್ಷಾಂತರ ಜನ. ನೋಡಿದವರಿಗೆ ದೇವರ ಮೆರವಣಿಗೆ ಎನಿಸಬೇಕು, ಹಾಗಿತ್ತು ಸಂಕಲನ. ರಾಜಕೀಯ ಪ್ರಚಾರ ಚಿತ್ರ ಎಂದರೆ ಇಂದಿಗೂ ಮೊದಲು ಹೆಸರಿಸುವುದು ಇದನ್ನೇ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅದೇ ನ್ಯೂರೆಂಬರ್ಗ್‌ನಲ್ಲಿ ಯಹೂದಿಗಳ ಪೌರತ್ವ ಕಿತ್ತುಕೊಳ್ಳುವ ಕಾನೂನು ಘೋಷಣೆಯಾಯಿತು.

ಮೈದಾನದಲ್ಲಿ ತೋಡಿದ ಗುಂಡಿಗಳು

ಇಂಥ ಹೊತ್ತಿನಲ್ಲಿ ಬಂತು ಒಲಿಂಪಿಕ್ಸ್ ಕೆಲಸ. ಇದಕ್ಕೆ ಆಕೆ ಮಾಡಿಕೊಂಡ ಸಿದ್ಧತೆ ಇಂದಿನ ಸಿನಿಮಾ ವಿದ್ಯಾರ್ಥಿಗಳಿಗೂ ಪಾಠದಂತಿದೆ. ಕೂಟ ನಡೆದದ್ದು 1936ರ ಆಗಸ್ಟ್ 1ರಿಂದ 16ರವರೆಗೆ. ತಯಾರಿ ಶುರುವಾದದ್ದು ತಿಂಗಳುಗಳ ಮೊದಲು. ಸಣ್ಣಪುಟ್ಟ ಕ್ರೀಡಾಕೂಟಗಳಿಗೆ ಹೋಗಿ ಕ್ಯಾಮೆರಾಮನ್‌ಗಳು ಅಭ್ಯಾಸ ಮಾಡಿದರು. ಯಾವ ಸ್ಪರ್ಧೆಗೆ ಯಾವ ಕೋನ, ಯಾವ ವೇಗ, ಯಾವ ಬಗೆಯ ಫಿಲ್ಮ್ ಎಂದು ಮೊದಲೇ ಪರೀಕ್ಷೆ ಮಾಡಿ ನೋಡಿದರು. ಓಟಗಾರರ ಕಾಲು ಒಂದು ಸಲ ಗೆರೆ ದಾಟಿತೆಂದರೆ ಮತ್ತೊಮ್ಮೆ ಓಡಿ ಎನ್ನಲಾಗದು. ಹಾಗಾಗಿ ತಪ್ಪುಗಳನ್ನೆಲ್ಲ ಅಭ್ಯಾಸದಲ್ಲೇ ಮಾಡಿ ಮುಗಿಸಬೇಕಿತ್ತು.

ಜಿಗಿಯುವವರ ಹಿಂದೆ ಪ್ರೇಕ್ಷಕರ ಗದ್ದಲ ಕಾಣದೆ ಬರೀ ಆಕಾಶ ಕಾಣಬೇಕು ಎಂದು ಮೈದಾನದಲ್ಲಿ ಗುಂಡಿ ತೋಡಿ ಕ್ಯಾಮೆರಾಮನ್‌ಗಳನ್ನು ಅದರೊಳಗೆ ಕೂರಿಸಿದಳು. ಕ್ರೀಡಾ ಅಧಿಕಾರಿಗಳು ರೇಗಿದರು. ಆಟಗಾರರ ಗಮನ ಕೆಡುತ್ತದೆ ಎಂದು ಕೆಲವು ಗುಂಡಿಗಳನ್ನು ಮುಚ್ಚಿಸಿದರು. ಟ್ರ್ಯಾಕ್ ಪಕ್ಕ ಹಳಿ ಹಾಸಿ ಕ್ಯಾಮೆರಾ ಓಡಿಸಿದರು. ಸಣ್ಣ ಕ್ಯಾಮೆರಾವನ್ನು ಬಲೂನಿಗೆ ಕಟ್ಟಿ ಮೇಲೆ ಹಾರಿಸಿದರು. ಹಾನ್ಸ್ ಎರ್ಟಲ್ ಎಂಬ ಕ್ಯಾಮೆರಾಮನ್ ನೀರೊಳಗೆ ಚಿತ್ರೀಕರಿಸುವ ಪೆಟ್ಟಿಗೆಯನ್ನು ತಾನೇ ರೂಪಿಸಿದ. ಡೈವಿಂಗ್ ಮಾಡುವವರು ಹಲಗೆಯಿಂದ ಜಿಗಿದು, ನೀರು ಸೀಳಿ, ಒಳಗೆ ಮುಳುಗುವುದನ್ನು ಹಿಂಬಾಲಿಸುತ್ತಾ ಆತನೂ ಮುಳುಗುತ್ತಿದ್ದ. ಆ ಕ್ಷಣದಲ್ಲೇ ಫೋಕಸ್, ಬೆಳಕಿನ ಅಳತೆ ಎರಡನ್ನೂ ಬದಲಿಸಬೇಕಿತ್ತು.

ಮ್ಯಾರಥಾನ್ ಅನ್ನು ಹೊರಗಿನಿಂದ ತೋರಿಸಿದರೆ ಸಾಲದು, ಓಡುವವನ ದಣಿವು ನೋಡುವವನಿಗೂ ತಟ್ಟಬೇಕು ಎಂಬುದು ಆಕೆಯ ಯೋಚನೆ. ಅದಕ್ಕಾಗಿ ತಾಲೀಮಿನ ವೇಳೆ ಓಟಗಾರರ ಕೊರಳಿಗೇ ಪುಟ್ಟ ಕ್ಯಾಮೆರಾ ತೂಗುಹಾಕಿ ಅವರ ಪಾದಗಳನ್ನು, ರಸ್ತೆಯ ಮೇಲಿನ ನೆರಳನ್ನು ಸೆರೆಹಿಡಿದರು. ಪೋಲ್ ವಾಲ್ಟ್ ಫೈನಲ್ ಕತ್ತಲಾದ ಮೇಲೂ ನಡೆಯಿತು, ಬೆಳಕು ಸಾಲಲಿಲ್ಲ. ಮರುದಿನ ರಾತ್ರಿ ಅದೇ ಸ್ಪರ್ಧಿಗಳನ್ನು ಕರೆಸಿ, ದೀಪ ಹಾಕಿಸಿ ಮತ್ತೆ ಜಿಗಿಸಿದಳು. ಇದು ಸಾಕ್ಷ್ಯಚಿತ್ರದ ನಿಯಮಕ್ಕೆ ಒಗ್ಗುತ್ತದೆಯೇ ಎಂಬ ಚರ್ಚೆ ಇಂದಿಗೂ ಇದೆ.

ಕೂಟ ಮುಗಿದಾಗ ಕೈಯಲ್ಲಿದ್ದದ್ದು ಸುಮಾರು 4 ಲಕ್ಷ ಮೀಟರ್ ಫಿಲ್ಮ್. ಅಂದರೆ 400 ಕಿಲೋಮೀಟರ್! ಅದನ್ನು ನೋಡಿ, ವಿಂಗಡಿಸಲು ತಿಂಗಳುಗಳೇ ಹಿಡಿದವು. ಸಂಕಲನಕ್ಕೆ ಒಂದೂವರೆ ವರ್ಷ. ಹಗಲೂ ರಾತ್ರಿ ಸಂಕಲನದ ಮೇಜಿನ ಮುಂದೆ ಕೂತಳು. ಕೊನೆಗೆ ಉಳಿದದ್ದು ಎರಡು ಭಾಗಗಳ, ಮೂರೂವರೆ ಗಂಟೆಗೂ ಹೆಚ್ಚಿನ ಚಿತ್ರ. ಚಿತ್ರೀಕರಿಸಿದ್ದರಲ್ಲಿ ಬಹುಪಾಲನ್ನು ಬಿಟ್ಟುಬಿಡುವ ಗಟ್ಟಿತನ ಆಕೆಗಿತ್ತು. ಮೈದಾನದ ಸದ್ದುಗಳನ್ನು ಹೆಚ್ಚಾಗಿ ಆಮೇಲೆ ಸೇರಿಸಿದರು.

ಫಲಿತಾಂಶದ ಬಗ್ಗೆ ಎರಡು ಮಾತಿಲ್ಲ. ಗ್ರೀಸ್‌ನಿಂದ ಜ್ಯೋತಿ ಹೊತ್ತು ಓಡಿ ಬರುವ ಪದ್ಧತಿ ಶುರುವಾದದ್ದೇ ಬರ್ಲಿನ್ ಕೂಟದಿಂದ. ಆ ಓಟವನ್ನು ಪುರಾಣದ ದೃಶ್ಯದಂತೆ ಕಟ್ಟಿ ಚಿತ್ರ ಆರಂಭವಾಗುತ್ತದೆ. ಅಮೆರಿಕದ ಕಪ್ಪು ಓಟಗಾರ ಜೆಸ್ಸಿ ಓವೆನ್ಸ್ ಆ ಕೂಟದಲ್ಲಿ ನಾಲ್ಕು ಚಿನ್ನ ಗೆದ್ದ. ಬಿಳಿಯ ಆರ್ಯರೇ ಶ್ರೇಷ್ಠರು ಎನ್ನುತ್ತಿದ್ದ ಸರ್ಕಾರದ ದುಡ್ಡಿನಲ್ಲಿ ತಯಾರಾದ ಚಿತ್ರದಲ್ಲಿ ಓವೆನ್ಸ್ ಮಿಂಚುತ್ತಾನೆ. ಲೆನಿಯ ಪರವಾಗಿ ಮಾತಾಡುವವರು ಮೊದಲು ತೋರಿಸುವ ಸಾಕ್ಷಿ ಇದೇ. ಧ್ಯಾನ್‌ಚಂದ್ ನಾಯಕತ್ವದ ಭಾರತ ತಂಡ ಜರ್ಮನಿಯನ್ನು 8-1ರಿಂದ ಸೋಲಿಸಿ ಹಾಕಿ ಚಿನ್ನ ಗೆದ್ದದ್ದೂ ಇದೇ ಕೂಟದಲ್ಲಿ, ಆಗಸ್ಟ್ 15ರಂದು.

ಚೌಕಟ್ಟಿನ ಹೊರಗೆ ಉಳಿದದ್ದು

ಈಗ ಕ್ಯಾಮೆರಾ ತಿರುಗದ ಕಡೆ ನೋಡೋಣ. ಕೂಟಕ್ಕೆ ಎರಡು ವಾರ ಇರುವಾಗ, ಜುಲೈ 16ರಂದು, ಬರ್ಲಿನ್ ಪೊಲೀಸರು ನಗರದಲ್ಲಿದ್ದ ರೋಮಾ ಮತ್ತು ಸಿಂಟಿ ಎಂಬ ಅಲೆಮಾರಿ ಸಮುದಾಯಗಳ ನೂರಾರು ಮಂದಿಯನ್ನು ಹಿಡಿದು ಊರಾಚೆಗೆ ಸಾಗಿಸಿದರು. ಮಾರ್ಜಾನ್ ಎಂಬಲ್ಲಿ, ಸ್ಮಶಾನದ ಮತ್ತು ಚರಂಡಿ ನೀರು ಹರಿಸುವ ಹೊಲದ ಪಕ್ಕ ಅವರನ್ನು ಕೂಡಿಹಾಕಿದರು. ವಿದೇಶಿ ಅತಿಥಿಗಳ ಕಣ್ಣಿಗೆ ಊರು ಚೊಕ್ಕಟವಾಗಿ ಕಾಣಬೇಕಿತ್ತು. ಯಹೂದಿಗಳಿಗೆ ಪ್ರವೇಶವಿಲ್ಲ ಎಂಬ ಫಲಕಗಳನ್ನು ಕೂಟ ಮುಗಿಯುವವರೆಗೆ ತೆಗೆಸಿದರು. ಬರ್ಲಿನ್‌ನ ಉತ್ತರಕ್ಕೆ, ಹೆಚ್ಚು ದೂರವಿಲ್ಲದ ಜಾಗದಲ್ಲಿ ಸಾಕ್ಸೆನ್‌ಹೌಸೆನ್ ಯಾತನಾ ಶಿಬಿರದ ನಿರ್ಮಾಣ ಶುರುವಾದದ್ದು ಅದೇ ಬೇಸಿಗೆಯಲ್ಲಿ. ಜರ್ಮನಿಯ ರಾಷ್ಟ್ರೀಯ ದಾಖಲೆ ಸರಿಗಟ್ಟಿದ್ದ ಎತ್ತರ ಜಿಗಿತದ ಗ್ರೆಟೆಲ್ ಬೆರ್ಗ್‌ಮನ್ ಯಹೂದಿ ಎಂಬ ಕಾರಣಕ್ಕೆ ತಂಡದಿಂದ ಹೊರಬಿದ್ದಳು. ಸಾಮರ್ಥ್ಯ ಸಾಲದು ಎಂಬ ನೆಪ ಹೇಳಿ ಆಕೆಗೆ ಪತ್ರ ಕಳಿಸಿದರು.

ಚಿತ್ರದಲ್ಲಿ ಇದ್ಯಾವುದೂ ಇಲ್ಲ. ಇರಲು ಸಾಧ್ಯವೂ ಇರಲಿಲ್ಲ. ಏಕೆಂದರೆ ನಿರ್ಮಾಣಕ್ಕೆಂದು ಹುಟ್ಟಿದ 'ಒಲಿಂಪಿಯಾ ಫಿಲ್ಮ್' ಕಂಪನಿ ಹೆಸರಿಗೆ ಮಾತ್ರ ಲೆನಿಯದು. 15 ಲಕ್ಷ ಮಾರ್ಕ್‌ಗಳ ಬಂಡವಾಳ ಬಂದದ್ದು ಗೊಬೆಲ್ಸ್‌ನ ಪ್ರಚಾರ ಸಚಿವಾಲಯದಿಂದ. ಚಿತ್ರ ಮಾಡಿಸುತ್ತಿರುವುದು ಸರ್ಕಾರ ಎಂದು ಹೊರಗೆ ಕಾಣಬಾರದೆಂದೇ ಈ ಕಂಪನಿ ಎಂದು ಆಗಿನ ಕಡತಗಳಲ್ಲೇ ಇದೆ. ಶಾಂತಿಪ್ರಿಯ, ಸುಂದರ, ಅತಿಥಿಗಳನ್ನು ಆದರಿಸುವ ಜರ್ಮನಿ ಎಂಬ ಚಿತ್ರಣ ಜಗತ್ತಿಗೆ ತಲುಪಬೇಕಿತ್ತು. ಹಾಗೆ ನೋಡಿದರೆ ಓವೆನ್ಸ್ ಮಿಂಚಿದ್ದೂ ಆ ಚಿತ್ರಣಕ್ಕೆ ಒದಗಿಬಂತು.

ಬೇರೆ ದಾರಿಯೇ ಇರಲಿಲ್ಲವೇ? ಅದೇ ಮ್ಯಾರಥಾನ್‌ಗೆ ಸಂಬಂಧಿಸಿದ ಇನ್ನೊಂದು ಕಥೆ ಇದೆ. ಗೆದ್ದ ಸೊನ್ ಕೀ-ಚುಂಗ್ ಕೊರಿಯಾದವನು. ಕೊರಿಯಾ ಆಗ ಜಪಾನಿನ ಹಿಡಿತದಲ್ಲಿತ್ತು. ಎದೆಯ ಮೇಲೆ ಜಪಾನಿನ ಬಾವುಟ, ದಾಖಲೆಗಳಲ್ಲಿ ಜಪಾನಿ ಹೆಸರು. ಪದಕ ವಿತರಣೆಯಲ್ಲಿ ಆತ ತಲೆ ತಗ್ಗಿಸಿ ನಿಂತಿದ್ದ. ಲೆನಿಯ ಕ್ಯಾಮೆರಾ ಅವನ ಓಟವನ್ನು ಬಲು ಸೊಗಸಾಗಿ ಹಿಡಿಯಿತು. ಅತ್ತ ಸೋಲ್ ನಗರದ 'ದೊಂಗ್-ಆ ಇಲ್ಬೊ' ಪತ್ರಿಕೆಯ ಕಚೇರಿಗೂ ಅವನ ಫೋಟೊ ಬಂತು. ಅಲ್ಲಿನ ಸಿಬ್ಬಂದಿ ಅಚ್ಚಿಗೆ ಕಳಿಸುವ ಮೊದಲು ಅಂಗಿಯ ಮೇಲಿದ್ದ ಬಾವುಟವನ್ನು ಅಳಿಸಿಹಾಕಿದರು. ಅವರಲ್ಲಿ ಹಲವರನ್ನು ಪೊಲೀಸರು ಹಿಡಿದೊಯ್ದರು. ಪತ್ರಿಕೆ ತಿಂಗಳುಗಟ್ಟಲೆ ನಿಂತುಹೋಯಿತು. ಅವರೂ ಚಿತ್ರಗಳ ಕೆಲಸ ಮಾಡುವ ಸಂಬಳದಾರರೇ. ಅವರಿಗೆ ಸಂಸಾರವಿತ್ತು, ಮೇಲಧಿಕಾರಿಗಳಿದ್ದರು, ಹೆದರಿಕೆಯೂ ಇದ್ದಿರಬೇಕು. ಲೆನಿಯಷ್ಟು ಪ್ರತಿಭೆ ಅವರಿಗಿತ್ತೋ ಇಲ್ಲವೋ, ಕೈಯಲ್ಲಿದ್ದ ಚಿತ್ರದ ಅರ್ಥವೇನು ಎಂಬುದು ಅವರಿಗೆ ಗೊತ್ತಿತ್ತು.

ಬರ್ಲಿನ್‌ನಲ್ಲೇ ಹುಟ್ಟಿದ, ಲೆನಿಗಿಂತ ಕೆಲವೇ ತಿಂಗಳು ದೊಡ್ಡವಳಾದ ನಟಿ ಮಾರ್ಲೀನ್ ಡೀಟ್ರಿಚ್ ಇನ್ನೊಂದು ಉದಾಹರಣೆ. ನಾಜಿಗಳು ಮರಳಿ ಕರೆದರೂ ಹೋಗದೆ 1939ರಲ್ಲಿ ಅಮೆರಿಕದ ಪೌರತ್ವ ಪಡೆದಳು. ಯುದ್ಧಕಾಲದಲ್ಲಿ ಹಿಟ್ಲರನ ವಿರುದ್ಧ ಹೋರಾಡುತ್ತಿದ್ದ ಸೈನಿಕರ ಮುಂದೆ ಹಾಡಿದಳು.

ಹೂಮಾಲೆಯಿಂದ ಯುದ್ಧಕ್ಕೆ

'ಒಲಿಂಪಿಯಾ' ತೆರೆ ಕಂಡದ್ದು 1938ರ ಏಪ್ರಿಲ್ 20ರಂದು. ಅದು ಹಿಟ್ಲರನ ಹುಟ್ಟುಹಬ್ಬ. ಜರ್ಮನಿ ಆಸ್ಟ್ರಿಯಾವನ್ನು ನುಂಗಿ ಐದಾರು ವಾರವಾಗಿತ್ತಷ್ಟೆ. ವೆನಿಸ್ ಚಿತ್ರೋತ್ಸವದಲ್ಲಿ ಚಿತ್ರಕ್ಕೆ ಮುಸೊಲಿನಿ ಹೆಸರಿನ ಅತ್ಯುನ್ನತ ಪ್ರಶಸ್ತಿ ಬಂತು. ಯುರೋಪಿನ ರಾಜಧಾನಿಗಳು ಹೂಮಾಲೆ ಹಿಡಿದು ಸ್ವಾಗತಿಸಿದವು.

ನವೆಂಬರ್‌ನಲ್ಲಿ ಚಿತ್ರ ಮಾರಲು ಅಮೆರಿಕಕ್ಕೆ ಹೋದಳು. ನ್ಯೂಯಾರ್ಕ್‌ನಲ್ಲಿ ಇಳಿದ ಕೆಲವೇ ದಿನಗಳಲ್ಲಿ, ನವೆಂಬರ್ 9ರ ರಾತ್ರಿ, ಜರ್ಮನಿಯಾದ್ಯಂತ ಯಹೂದಿಗಳ ಮನೆ, ಅಂಗಡಿ, ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಬಿತ್ತು. ಸುದ್ದಿಗಾರರು ಕೇಳಿದಾಗ ಅದನ್ನು ನಂಬುವುದಿಲ್ಲ ಎಂದಳು. ಹಾಲಿವುಡ್ ಬಾಗಿಲು ಹಾಕಿಕೊಂಡಿತು. ತನ್ನ ಸ್ಟುಡಿಯೊ ತೋರಿಸಿದ ವಾಲ್ಟ್ ಡಿಸ್ನಿಯಂಥ ಒಬ್ಬಿಬ್ಬರನ್ನು ಬಿಟ್ಟರೆ ಯಾರೂ ಭೇಟಿಗೆ ಬರಲಿಲ್ಲ. ಚಿತ್ರ ಮಾರಾಟವಾಗದೆ ಮರಳಿದಳು.

1939ರ ಸೆಪ್ಟೆಂಬರ್‌ನಲ್ಲಿ ಯುದ್ಧ ಶುರುವಾದಾಗ ಚಿತ್ರತಂಡ ಕಟ್ಟಿಕೊಂಡು ಪೋಲೆಂಡಿಗೆ ಹೋದಳು. ಕೋನ್‌ಸ್ಕಿಯೆ ಎಂಬ ಊರಿನಲ್ಲಿ ಜರ್ಮನ್ ಸೈನಿಕರು ಯಹೂದಿಗಳ ಮೇಲೆ ಗುಂಡು ಹಾರಿಸಿ ಕೊಂದಾಗ ಆಕೆ ಅಲ್ಲಿದ್ದಳು. ಗಾಬರಿಯಿಂದ ವಿಕಾರವಾದ ಆಕೆಯ ಮುಖದ ಫೋಟೊವೊಂದು ಉಳಿದುಬಂದಿದೆ. ಆ ದಿನ ಆಕೆಯ ಕಣ್ಣು ಕಂಡಿತ್ತು. ಗೊತ್ತೇ ಇರಲಿಲ್ಲ ಎಂಬ ಮಾತಿಗೆ ಅಲ್ಲಿಂದಾಚೆ ಜಾಗವಿರಲಿಲ್ಲ. ಆದರೂ 1940ರ ಜೂನ್‌ನಲ್ಲಿ ಪ್ಯಾರಿಸ್ ಬಿದ್ದಾಗ ಹಿಟ್ಲರನಿಗೆ ಅಭಿನಂದನೆಯ ತಂತಿ ಕಳಿಸಿದಳು.

ಅದೇ ವರ್ಷ 'ತೀಫ್‌ಲಾಂಡ್' ಎಂಬ ಕಥಾಚಿತ್ರ ಶುರುಮಾಡಿದಳು. ಸ್ಪೇನ್ ದೇಶದ ಹಳ್ಳಿಗರಂತೆ ಕಾಣುವ ಜನ ಬೇಕಿತ್ತು. ಸಾಲ್ಜ್‌ಬರ್ಗ್ ಬಳಿಯ ಶಿಬಿರದಿಂದ ರೋಮಾ ಮತ್ತು ಸಿಂಟಿ ಬಂದಿಗಳನ್ನು ಕರೆತಂದರು. ಅವರಲ್ಲಿ ಮಕ್ಕಳೂ ಇದ್ದರು. 1942ರಲ್ಲಿ ಬರ್ಲಿನ್ ಸ್ಟುಡಿಯೊದ ದೃಶ್ಯಗಳಿಗೆ ಮತ್ತಷ್ಟು ಜನ ಬೇಕಾದರು. ಅವರು ಬಂದದ್ದು ಮಾರ್ಜಾನ್‌ನಿಂದ. ಒಲಿಂಪಿಕ್ಸ್‌ಗೆ ಊರು ಚೊಕ್ಕಟ ಮಾಡಲೆಂದು ಆರು ವರ್ಷದ ಹಿಂದೆ ಕೂಡಿಹಾಕಿದ್ದ ಅದೇ ಶಿಬಿರ. ಆಗ ಚೌಕಟ್ಟಿನ ಹೊರಗಿದ್ದವರು ಈಗ ಕ್ಯಾಮೆರಾ ಮುಂದೆ ನಿಂತರು. ಕೂಲಿ ಅವರ ಕೈ ಸೇರಲಿಲ್ಲ. ಚಿತ್ರೀಕರಣ ಮುಗಿದ ಮೇಲೆ ಅವರಲ್ಲಿ ಅನೇಕರನ್ನು ಆಷ್ವಿಟ್ಜ್‌ಗೆ ಸಾಗಿಸಿದರು. ಬಹಳಷ್ಟು ಮಂದಿ ಅಲ್ಲಿಂದ ಮರಳಲಿಲ್ಲ.

ಉಳಿದ ಅರ್ಧ ಶತಮಾನ

1945ರಲ್ಲಿ ಯುದ್ಧ ಮುಗಿದಾಗ ಲೆನಿಗೆ 42 ವರ್ಷ. ಬಂಧನ, ವಿಚಾರಣೆ ಎಲ್ಲ ಆಯಿತು. ಆಕೆ ನಾಜಿ ಪಕ್ಷದ ಸದಸ್ಯೆಯಾಗಿರಲಿಲ್ಲ. ಯುದ್ಧಾಪರಾಧದ ಶಿಕ್ಷೆಯೂ ಆಗಲಿಲ್ಲ. ನಾಜಿಗಳ ಜೊತೆ ಹೆಜ್ಜೆ ಹಾಕಿದವಳು ಎಂಬ ವರ್ಗಕ್ಕೆ ಸೇರಿಸಿ ಬಿಟ್ಟರು. 'ತೀಫ್‌ಲಾಂಡ್' 1954ರಲ್ಲಿ ತೆರೆಗೆ ಬಂತು. ಅದಾದ ಮೇಲೆ ಮತ್ತೊಂದು ಚಿತ್ರ ಪೂರ್ತಿಯಾಗಿ ಹೊರಬರಲು 48 ವರ್ಷ ಹಿಡಿಯಿತು. ಯೋಜನೆಗಳಿಗೆ ಕೊರತೆಯಿರಲಿಲ್ಲ. ಹಣ ಹಾಕುವವರು ಸಿಗಲಿಲ್ಲ.

ಆಕೆ ಸುಮ್ಮನೆ ಕೂರುವವಳಲ್ಲ. 60ರ ಹರೆಯದಲ್ಲಿ ಸುಡಾನ್‌ಗೆ ಹೋಗಿ ನೂಬಾ ಬುಡಕಟ್ಟಿನ ಜನರ ಫೋಟೊ ತೆಗೆದಳು. 1973ರಿಂದ ಅವು ಪುಸ್ತಕಗಳಾಗಿ ಜಗತ್ತು ಸುತ್ತಿದವು. ಅಲ್ಲೂ ಬಲಶಾಲಿ ದೇಹಗಳ ಆರಾಧನೆಯೇ ಇದೆ, ಹಳೆಯ ನೋಟ ಬದಲಾಗಿಲ್ಲ ಎಂದು ಅಮೆರಿಕದ ಲೇಖಕಿ ಸೂಸನ್ ಸಾಂಟಾಗ್ 1975ರಲ್ಲಿ ಬರೆದದ್ದು ದೊಡ್ಡ ಚರ್ಚೆಯಾಯಿತು. 1972ರ ಮ್ಯೂನಿಕ್ ಒಲಿಂಪಿಕ್ಸ್‌ಗೆ ಲೆನಿ ಮತ್ತೆ ಬಂದಳು, ಬ್ರಿಟಿಷ್ ಪತ್ರಿಕೆಯೊಂದರ ಫೋಟೊಗ್ರಾಫರ್ ಆಗಿ. 70 ದಾಟಿದ ಮೇಲೆ ವಯಸ್ಸು 20 ವರ್ಷ ಕಡಿಮೆ ಹೇಳಿ ಸ್ಕೂಬಾ ಡೈವಿಂಗ್ ಕಲಿತಳು. ಕಡಲಾಳದ ಜೀವಿಗಳ ಕುರಿತ ಚಿತ್ರ 2002ರಲ್ಲಿ ಬಂತು. ಆಗ ಆಕೆಗೆ ನೂರು. ಇಷ್ಟು ಹುಮ್ಮಸ್ಸು, ಇಷ್ಟು ಹಟ ಕಂಡರೆ ಯಾರಿಗಾದರೂ ಮೆಚ್ಚುಗೆಯಾಗುತ್ತದೆ.

ಆದರೆ ಪ್ರತಿ ಸಂದರ್ಶನದಲ್ಲೂ ಹಳೆಯ ಪ್ರಶ್ನೆ ಬರುತ್ತಿತ್ತು. ಹಳೆಯ ಉತ್ತರವೇ ಸಿಗುತ್ತಿತ್ತು. ತನಗೆ ರಾಜಕೀಯ ತಿಳಿಯದು, ತಾನು ಕಲಾವಿದೆ, ವಹಿಸಿದ ಕೆಲಸವನ್ನು ಚೆನ್ನಾಗಿ ಮಾಡಿದೆ ಅಷ್ಟೆ ಎಂಬುದು ಅದರ ಸಾರ. ಟೀಕಿಸಿದವರ ಮೇಲೆ ಮೊಕದ್ದಮೆಗಳ ಮೇಲೆ ಮೊಕದ್ದಮೆ ಹೂಡಿದಳು. 'ತೀಫ್‌ಲಾಂಡ್'ನಲ್ಲಿ ನಟಿಸಿದ ರೋಮಾ ಜನರಲ್ಲಿ ಯಾರಿಗೂ ಏನೂ ಆಗಲಿಲ್ಲ, ಯುದ್ಧದ ನಂತರ ಎಲ್ಲರನ್ನೂ ಕಂಡಿದ್ದೇನೆ ಎಂದು ಹೇಳಿಕೊಂಡೇ ಬಂದಳು. ನೂರನೇ ವರ್ಷದಲ್ಲಿ ರೋಮಾ ಸಂಘಟನೆಯೊಂದು ಕಾನೂನು ಹೋರಾಟಕ್ಕೆ ಇಳಿದ ಮೇಲೆ ಆ ಮಾತನ್ನು ಹಿಂತೆಗೆದುಕೊಳ್ಳಬೇಕಾಯಿತು. 2003ರ ಸೆಪ್ಟೆಂಬರ್ 8ರಂದು ದಕ್ಷಿಣ ಜರ್ಮನಿಯ ತನ್ನ ಮನೆಯಲ್ಲಿ ತೀರಿಕೊಂಡಳು. ಆಕೆ ಬಿಟ್ಟುಹೋದ ನೂರಾರು ಪೆಟ್ಟಿಗೆಗಳ ಕಾಗದಪತ್ರ, ಫಿಲ್ಮ್, ಧ್ವನಿಮುದ್ರಣಗಳು ಈಗ ಬರ್ಲಿನ್‌ನ ಸಾರ್ವಜನಿಕ ಸಂಸ್ಥೆಯ ವಶದಲ್ಲಿವೆ. ಅವನ್ನೇ ಆಧರಿಸಿ ಆಂಡ್ರೆಸ್ ಫೈಲ್ ಮಾಡಿದ ಸಾಕ್ಷ್ಯಚಿತ್ರ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಸಾಕ್ಷ್ಯಚಿತ್ರ ಮಾಡಿದವಳೇ ಸಾಕ್ಷ್ಯಚಿತ್ರದ ವಸ್ತುವಾದಳು.

ನಮಗೇನು?

ಉಂಡ ಮನೆಗೆ ಎರಡು ಬಗೆಯಬಾರದು ಎಂದು ಕೇಳಿಕೊಂಡೇ ನಾವು ಬೆಳೆದಿದ್ದೇವೆ. ಒಳ್ಳೆಯ ಮಾತೇ. ಆದರೆ ಉಣ್ಣಲು ಕೂರುವ ಮೊದಲು ಅದು ಯಾರ ಮನೆ, ಅನ್ನ ಎಲ್ಲಿಂದ ಬಂತು ಎಂದು ಕೇಳಬಾರದು ಎಂದೇನೂ ಗಾದೆ ಹೇಳುವುದಿಲ್ಲ.

ಲೆನಿಯ ಕಥೆ ತೀರಾ ದೊಡ್ಡದು, ನಮ್ಮ ಬದುಕಿಗೆ ಅದೆಲ್ಲ ಬರುವುದಿಲ್ಲ ಎನಿಸಬಹುದು. ಆದರೆ ಸಣ್ಣ ರೂಪದಲ್ಲಿ ಅದು ನಮ್ಮ ಮುಂದೆಯೂ ಬಂದು ನಿಲ್ಲುತ್ತದೆ. ವಿಡಿಯೊ ಎಡಿಟಿಂಗ್ ಕಲಿತವರಿಗೆ ಸುಳ್ಳು ಸುದ್ದಿಯ ತುಣುಕು ಕತ್ತರಿಸುವ ಕೆಲಸ ಸಿಗಬಹುದು. ಕೋಡಿಂಗ್ ಬಲ್ಲವರಿಗೆ ಸಾಲಗಾರರ ಫೋನಿನಿಂದ ಸಂಪರ್ಕಗಳನ್ನು ಕದಿಯುವ ಆ್ಯಪ್ ಬರೆಯುವ ಕೆಲಸ ಸಿಗಬಹುದು. ಮಾತು ಬಲ್ಲವರಿಗೆ ವಯಸ್ಸಾದವರನ್ನು ನಂಬಿಸಿ ಹಣ ಕೀಳುವ ಕಾಲ್ ಸೆಂಟರ್ ಸಿಗಬಹುದು. ಸಂಬಳ ಚೆನ್ನಾಗಿರುತ್ತದೆ. ಮನೆಯಲ್ಲಿ ಸಾಲವಿರುತ್ತದೆ, ಎರಡು ವರ್ಷದಿಂದ ಖಾಲಿ ಕೂತ ಬೇಸರವಿರುತ್ತದೆ. ಇಂಥ ಹೊತ್ತಿನಲ್ಲಿ ಬಂದ ಕೆಲಸವನ್ನು ಬಿಡುವುದು ಎಷ್ಟು ಕಷ್ಟ ಎಂಬುದು ಹುಡುಕುತ್ತಿರುವವರಿಗೇ ಗೊತ್ತು. ಅದನ್ನು ಹಗುರ ಮಾಡಿ ಮಾತಾಡುವಂತಿಲ್ಲ.

ಲೆನಿಗೆ ಅಂಥ ಕಷ್ಟವೇನೂ ಇರಲಿಲ್ಲ. ಹಿಟ್ಲರನಿಗೆ ಪತ್ರ ಬರೆದಾಗ ಆಕೆ ಆಗಲೇ ಹೆಸರು ಮಾಡಿದ ನಟಿ, ನಿರ್ದೇಶಕಿ. ಆಕೆಗೆ ಬೇಕಾಗಿದ್ದದ್ದು ಇನ್ನೂ ದೊಡ್ಡ ಅವಕಾಶ. ಅದಕ್ಕಾಗಿ ಒಂದೊಂದು ಸಲವೂ ಒಂದೊಂದನ್ನು ನೋಡದೆ ಬಿಟ್ಟಳು. ಮೊದಲು ಸಹೋದ್ಯೋಗಿಯ ಬಾಕಿ. ಆಮೇಲೆ ಊರಾಚೆ ಸಾಗಿಸಿದ ಜನ. ಆಮೇಲೆ ಕಣ್ಣೆದುರೇ ಬಿದ್ದ ಹೆಣಗಳು. ಮೊದಲನೆಯದನ್ನು ಬಿಟ್ಟವರಿಗೆ ಎರಡನೆಯದನ್ನು ಬಿಡುವುದು ಸುಲಭವಾಗುತ್ತದೆ.

1936ರಲ್ಲಿ ತಲೆ ತಗ್ಗಿಸಿ ನಿಂತಿದ್ದ ಸೊನ್ ಕೀ-ಚುಂಗ್ 1988ರಲ್ಲಿ ಸೋಲ್ ಒಲಿಂಪಿಕ್ಸ್‌ನ ಉದ್ಘಾಟನೆಯ ದಿನ ಜ್ಯೋತಿ ಹಿಡಿದು ಕ್ರೀಡಾಂಗಣಕ್ಕೆ ಬಂದ. ವಯಸ್ಸು 70 ದಾಟಿತ್ತು. ಮಗುವಿನಂತೆ ಕುಣಿಯುತ್ತಾ ಓಡಿದ. ಎದೆಯ ಮೇಲೆ ಬೇರೆಯವರ ಬಾವುಟವಿರಲಿಲ್ಲ. ಆ ಓಟದಲ್ಲಿ ಗುಂಡಿ ತೋಡಿ ಇಟ್ಟ ಕ್ಯಾಮೆರಾ ಇರಲಿಲ್ಲ, ಒಂದೂವರೆ ವರ್ಷದ ಸಂಕಲನವೂ ಇರಲಿಲ್ಲ. ಎರಡು ಓಟಗಳ ದೃಶ್ಯಗಳೂ ಇಂದು ನೋಡಲು ಸಿಗುತ್ತವೆ. ಪರೀಕ್ಷೆ, ಅರ್ಜಿ, ಇಂಟರ್ವ್ಯೂಗಳ ನಡುವೆ ಬಿಡುವಾದಾಗ ಒಮ್ಮೆ ಎರಡನ್ನೂ ಒಂದರ ಹಿಂದೊಂದು ನೋಡಿ.